ವಾಕರ್ ಎಂಬ ಹೆಸರನ್ನು ಕಾಲಲ್ಲಿ ತುಳಿದು ತಿಳಿದದ್ದು

ಗುಳೇದಗುಡ್ಡದ ನೇಕಾರರ ಮನೆಯಲ್ಲಿ ಹುಟ್ಟಿದವಳು ನಾನು. ಮಗ್ಗದಿಂದ ಖಣ ಕತ್ತರಿಸಿ ಮಡಚಿಟ್ಟರೆ ನಮ್ಮಲ್ಲಿ ನೇಯ್ದವರ ಕೆಲಸ ಮುಗಿದಂತೆ. ಉಣ್ಣೆಯ ಲೆಕ್ಕವೇ ಬೇರೆ ಎಂದು ಗೊತ್ತಾದದ್ದು ಇಂಗ್ಲೆಂಡಿನ ಯಾರ್ಕ್‌ಷೈರಿಗೆ ಬಂದ ಮೇಲೆ, ಅದೂ ಪಕ್ಕದ ಮನೆಯ ಹಿರಿಯರ ಅಡ್ಡಹೆಸರಿನಿಂದ.

ಅವರ ಅಡ್ಡಹೆಸರು ವಾಕರ್. ನಮ್ಮ ಕಡೆ ಬಡಿಗೇರ, ಪತ್ತಾರ, ಕಂಬಾರ ಎಂದರೆ ಕಸುಬು ತಾನಾಗಿ ತಿಳಿಯುತ್ತದೆ. ವಾಕರ್ ಎಂದರೇನು ಅಂತ ಕೇಳಿದೆ. "ನಮ್ಮ ಹಿರಿಯರು ಊರೂರು ನಡೆದು ತಿರುಗುತ್ತಿದ್ದರೇನೋ" ಅಂದರು. ಮನೆಗೆ ಬಂದು ಹೆಸರುಗಳ ಕೋಶ ತೆಗೆದೆ. ವಾಕರ್, ಫುಲ್ಲರ್, ಟಕ್ಕರ್ ಮೂರೂ ಒಂದೇ ಕಸುಬಿನ ಹೆಸರುಗಳು! ನೇಯ್ದ ಉಣ್ಣೆಬಟ್ಟೆಯನ್ನು ನೀರಲ್ಲಿ ತುಳಿದು, ಜಿಡ್ಡು ತೆಗೆದು, ಕುಗ್ಗಿಸಿ ದಪ್ಪ ಮಾಡುವವರು. ಉತ್ತರದಲ್ಲಿ ಅವರು ವಾಕರ್, ಆಗ್ನೇಯದಲ್ಲಿ ಫುಲ್ಲರ್, ಡೆವನ್ ಸೀಮೆಯಲ್ಲಿ ಟಕ್ಕರ್. ಅದೇ ಸೀಮೆಯ ಎಕ್ಸೆಟರ್ ಪಟ್ಟಣದಲ್ಲಿ 1471ರಲ್ಲಿ ಕಟ್ಟಿದ ಟಕ್ಕರ್ಸ್ ಹಾಲ್ ಇಂದಿಗೂ ನಿಂತಿದೆ. ನಾವು ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಗೆ ಇಂಗ್ಲಿಷಿನಲ್ಲಿ ಫುಲ್ಲರ್ಸ್ ಅರ್ತ್ ಅನ್ನುತ್ತಾರಲ್ಲ, ಅದು ಇದೇ ಫುಲ್ಲರನ ಮಣ್ಣು. ಉಣ್ಣೆಯ ಜಿಡ್ಡು ಹೀರಲು ಅವನು ಬಳಸುತ್ತಿದ್ದದ್ದು. ಇಷ್ಟು ವರ್ಷ ಆ ಹೆಸರು ಹೇಳಿಯೂ ಅದರೊಳಗೆ ಒಬ್ಬ ಕಸುಬುದಾರ ಇದ್ದಾನೆಂದು ನನಗೆ ಹೊಳೆದಿರಲಿಲ್ಲ.

ಓದಿದ್ದು ಸಾಲದು, ಮಾಡಿ ನೋಡಬೇಕು ಅನ್ನಿಸಿತು. ಒಂದೆಳೆಯ ಉಣ್ಣೆ ನೂಲಿನಲ್ಲಿ ಒಂದು ಮೀಟರ್ ಅಗಲ, ಎರಡು ಮೀಟರ್ ಉದ್ದದ ಬಟ್ಟೆ ನೇಯ್ದೆ. ಹಾಸನ್ನು, ಅಂದರೆ ಉದ್ದದ ಎಳೆಗಳನ್ನು, ಬೇಕೆಂದೇ ಸಡಿಲ ಇಟ್ಟೆ. ಮಗ್ಗದಿಂದ ಇಳಿಸಿದಾಗ ಅದು ಜರಡಿಯ ಹಾಗಿತ್ತು. ಕಿಟಕಿಗೆ ಹಿಡಿದರೆ ಆಚೆಯ ಗುಡ್ಡ ಕಾಣುತ್ತಿತ್ತು. ಫೋನಿನಲ್ಲಿ ತೋರಿಸಿದೆ. "ಬೇಕಂತ ಬಟ್ಟಿ ಕುಗ್ಗಸ್ತಾರೇನ ಅಲ್ಲಿ?" ಅಂದಳು ಅವ್ವ.

ಹಿಂದೆ ಇದಕ್ಕೆ ಹಳಸಿದ ಮೂತ್ರ ಬಳಸುತ್ತಿದ್ದರು. ಅದರಲ್ಲಿನ ಅಮೋನಿಯಾ ಜಿಡ್ಡನ್ನು ಕರಗಿಸುತ್ತದೆ. ನಾನು ಬಿಸಿನೀರು, ಸಾಬೂನು, ಕಲಸಿದ ಮುಲ್ತಾನಿ ಮಿಟ್ಟಿ ಹಾಕಿದೆ. ಸ್ನಾನದ ತೊಟ್ಟಿಯಲ್ಲಿ ಬಟ್ಟೆ ಹಾಸಿ, ಸೀರೆ ಎತ್ತಿ ಕಟ್ಟಿ ತುಳಿಯತೊಡಗಿದೆ. ಮೊದಲ ಕಾಲು ಗಂಟೆ ಏನೂ ಆಗಲಿಲ್ಲ, ನೀರು ಮಾತ್ರ ಬೂದಿ ಬಣ್ಣಕ್ಕೆ ತಿರುಗಿತು. ಅರ್ಧ ಗಂಟೆಯ ಹೊತ್ತಿಗೆ ಅಂಗಾಲಿಗೆ ಬಟ್ಟೆ ಬೇರೆ ಥರ ಸಿಗತೊಡಗಿತು. ಜಾರುವುದು ನಿಂತು ಹಿಡಿಯತೊಡಗಿತು. ಉಣ್ಣೆಯ ಎಳೆಯ ಮೇಲೆ ಸಣ್ಣ ಸಣ್ಣ ಪದರಗಳಿವೆ. ಬಿಸಿ, ಸಾಬೂನು, ಒತ್ತಡ ಮೂರೂ ಸೇರಿದಾಗ ಅವು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ಮತ್ತೆ ಬಿಡುವುದಿಲ್ಲ.

ನಾನು ತಪ್ಪಿದ್ದು ಇಲ್ಲೇ. ಒಂದೇ ಕಡೆ ತುಳಿಯುತ್ತ ಹೋದದ್ದರಿಂದ ಮಡಿಕೆಯ ಮೇಲೆ ಮಡಿಕೆ ಅಂಟಿಕೊಂಡು ಗೆರೆ ಬಿದ್ದಿತು. ಆಮೇಲೆ ಹತ್ತು ನಿಮಿಷಕ್ಕೊಮ್ಮೆ ಬಟ್ಟೆ ಬಿಡಿಸಿ, ಹೊರಳಿಸಿ, ಬೇರೆ ದಿಕ್ಕಿಗೆ ಮಡಚಿ ತುಳಿದೆ. ಎರಡು ಗಂಟೆ ಮಾಡಿದ ಕೆಲಸದಲ್ಲಿ ಅರ್ಧ ತುಳಿತ, ಅರ್ಧ ಹೊರಳಿಸುವುದು.

ಆ ರಾತ್ರಿ ಮತ್ತೆ ಕೋಶ ತೆರೆದಾಗ ಮೊದಲು ದಾಟಿಕೊಂಡು ಹೋಗಿದ್ದ ಸಾಲು ಕಣ್ಣಿಗೆ ಬಿತ್ತು. 'ವಾಕ್' ಪದದ ಹಳೆಯ ರೂಪಕ್ಕೆ ನಡೆ ಎಂಬ ಅರ್ಥವಿರಲಿಲ್ಲ. ಹೊರಳು, ಉರುಳಿಸು, ಅಲುಗಾಡಿಸು ಎಂಬುದೇ ಮೂಲ. ನಡೆಯುವ ಅರ್ಥ ಬಂದದ್ದು ನಂತರ. ಜರ್ಮನ್ ಭಾಷೆಯಲ್ಲಿ 'ವಾಲ್ಕೆನ್' ಎಂದರೆ ಇವತ್ತಿಗೂ ಹೀಗೆ ಬಟ್ಟೆ ಹದ ಮಾಡುವುದೇ. ಬಟ್ಟೆಯ ಮೇಲೆ ನಡೆಯುತ್ತಿದ್ದರು, ಅದಕ್ಕೇ ವಾಕರ್ ಎಂದು ಬಹಳ ಕಡೆ ಬರೆದಿರುತ್ತಾರೆ. ತೊಟ್ಟಿಗೆ ಇಳಿದ ಮೇಲೆ ನನಗೆ ಆ ವಿವರಣೆ ಒಪ್ಪಿಗೆಯಾಗುವುದಿಲ್ಲ. ಹೆಸರಿಟ್ಟವರಿಗೆ ಹೊರಳಿಸುವ ಕೈಯೂ ಗೊತ್ತಿತ್ತು.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿತು. ಈ ಅಡ್ಡಹೆಸರುಗಳು ಮನೆತನಗಳಲ್ಲಿ ನೆಲೆ ನಿಲ್ಲುವ ಹೊತ್ತಿಗೆ ಅನೇಕ ಕಡೆ ಕಾಲಿನ ಕೆಲಸ ನೀರಿನ ಗಿರಣಿಗೆ ಹೋಗಿಯಾಗಿತ್ತು. 1185ರಲ್ಲಿ ಟೆಂಪ್ಲರ್ ಯೋಧ-ಸನ್ಯಾಸಿಗಳು ಬರೆಸಿದ ಆಸ್ತಿಪಟ್ಟಿಯಲ್ಲೇ ಯಾರ್ಕ್‌ಷೈರಿನ ನ್ಯೂಷಮ್‌ನಲ್ಲಿ ಇಂಥ ಗಿರಣಿ ಇತ್ತು. ನೀರುಚಕ್ರ ಎತ್ತಿ ಬಿಡುವ ಮರದ ಕೊಡತಿಗಳು ಬಟ್ಟೆಯನ್ನು ಕುಟ್ಟುತ್ತಿದ್ದವು. ಆದರೂ ಗಿರಣಿಯವನ ಹೆಸರು ವಾಕರ್ ಆಗಿಯೇ ಉಳಿಯಿತು, ಗಿರಣಿಯೂ ವಾಕ್ ಮಿಲ್ ಆಯಿತು. ಸ್ಕಾಟ್ಲೆಂಡಿನ ಪಶ್ಚಿಮದ ದ್ವೀಪಗಳಲ್ಲಿ ಮಾತ್ರ 20ನೇ ಶತಮಾನದವರೆಗೂ ಹೆಂಗಸರು ಹಲಗೆಯ ಸುತ್ತ ಕೂತು, ಹಾಡು ಹೇಳುತ್ತ, ಕೈಯಲ್ಲೇ ಈ ಕೆಲಸ ಮಾಡುತ್ತಿದ್ದರು.

ತೊಳೆದ ಬಟ್ಟೆಯನ್ನು ಎಳೆದು ಕಟ್ಟಿ ಒಣಗಿಸಬೇಕು, ಇಲ್ಲವಾದರೆ ಸೊಟ್ಟಾಗುತ್ತದೆ. ಹಿಂದೆ ಊರಾಚೆಯ ಬಯಲಲ್ಲಿ ಅದಕ್ಕೆಂದೇ ಕೊಕ್ಕೆಗಳಿದ್ದ ಉದ್ದುದ್ದ ಚೌಕಟ್ಟುಗಳು ನಿಂತಿರುತ್ತಿದ್ದವು. ನಾನು ಎರಡು ಮನೆಗಳ ನಡುವಿನ ಬೇಲಿಗೆ ಮೊಳೆ ಹೊಡೆದು ಬಿಗಿದೆ. ಹಿರಿಯರು ಬಂದು ಮುಟ್ಟಿ ನೋಡಿದರು. ಅವರ ಮುತ್ತಜ್ಜ 1881ರ ಜನಗಣತಿಯಲ್ಲಿ ಕಲ್ಲಿದ್ದಲು ಗಣಿಯ ಕೆಲಸಗಾರ. ಬಟ್ಟೆಯ ಕಸುಬು ಆ ಮನೆಯಲ್ಲಿ ಯಾರ ನೆನಪಿನಲ್ಲೂ ಇಲ್ಲ. "ಇದನ್ನು ಮಾಡುತ್ತಿದ್ದರೇ ನಮ್ಮವರು" ಎಂದು ಬಹಳ ಹೊತ್ತು ಅಲ್ಲೇ ನಿಂತರು.

ಒಣಗಿದ ಮೇಲೆ ಅಳೆದೆ. ಅಗಲ ನೂರರಿಂದ 76 ಸೆಂಟಿಮೀಟರಿಗೆ, ಉದ್ದ ಇನ್ನೂರರಿಂದ 164ಕ್ಕೆ ಇಳಿದಿತ್ತು. ಕಿಟಕಿಗೆ ಹಿಡಿದರೆ ಬೆಳಕೂ ಬರಲಿಲ್ಲ, ಮೇಲೆ ಚಿಮುಕಿಸಿದ ನೀರು ಹನಿಯಾಗಿ ಉರುಳಿತು. ಹಳೆಯ ಬ್ರಾಡ್‌ಕ್ಲಾತ್ (ಅಗಲವಾಗಿ ನೇಯ್ದು ಹೀಗೇ ಕುಗ್ಗಿಸುವ ಉಣ್ಣೆಬಟ್ಟೆ) ಮಗ್ಗಕ್ಕೆ ಇಬ್ಬರು ನೇಕಾರರು ಅಕ್ಕಪಕ್ಕ ಕೂತು ಲಾಳಿ ಎಸೆಯಬೇಕಾದಷ್ಟು ಅಗಲ ಏಕಿತ್ತೆಂದು ಆಗ ಅರ್ಥವಾಯಿತು. ನನ್ನ ಮುಂದಿನ ಹಾಸನ್ನು ಮಗ್ಗ ಹಿಡಿಸುವಷ್ಟೂ ಅಗಲಕ್ಕೆ ಹೂಡಿದ್ದೇನೆ.