ಹಲ್ಲಿನ ಎಕ್ಸ್‌ರೇಯಲ್ಲಿ ಮೂಳೆ ಸವೆತ ನೋಡುವುದು ಹೇಗೆ?

ಹಲ್ಲಿನ ಡಾಕ್ಟರು ಕಂಪ್ಯೂಟರ್ ಸ್ಕ್ರೀನನ್ನು ನಮ್ಮ ಕಡೆ ತಿರುಗಿಸಿ ‘ನೋಡಿ, ಇಲ್ಲಿ ಮೂಳೆ ಕರಗಿದೆ’ ಅನ್ನುತ್ತಾರೆ. ವಸಡಿನ ರೋಗದಿಂದ ಹಲ್ಲನ್ನು ಹಿಡಿದಿಟ್ಟ ಮೂಳೆ ಸವೆದಿದೆ ಅಂತ ಅದರ ಅರ್ಥ. ನಮಗೆ ಕಾಣುವುದು ಬರೀ ಕಪ್ಪು, ಬಿಳುಪು, ಬೂದು. ಆದರೂ ಸುಮ್ನೆ ತಲೆಯಾಡಿಸುತ್ತೇವೆ. ರೋಗ ಹೇಳುವುದು ಡಾಕ್ಟರ ಕೆಲಸ, ನಿಜ. ಆದರೆ ಅವರು ಬೆರಳಿಟ್ಟು ತೋರಿಸುತ್ತಿರುವುದು ಏನು ಅಂತ ನಾವೂ ತಿಳಿದುಕೊಳ್ಳಬಹುದು, ಅಲ್ವಾ?

ಹಂತ 1: ಯಾವ ಎಕ್ಸ್‌ರೇ ಎಂದು ಕೇಳಿ

ಬಾಯೊಳಗೆ ಪುಟ್ಟ ಸೆನ್ಸರ್ ಇಟ್ಟು ಎರಡು ಮೂರು ಹಲ್ಲುಗಳ ಚಿತ್ರ ತೆಗೆದರೆ ಅದು ಆರ್‌ವಿಜಿ. ಮಷೀನು ತಲೆಯ ಸುತ್ತ ತಿರುಗಿ ಎರಡೂ ದವಡೆಗಳನ್ನು ಒಟ್ಟಿಗೆ ತೋರಿಸಿದರೆ ಅದು ಓಪಿಜಿ. ಓಪಿಜಿಯಲ್ಲಿ ಚಿತ್ರ ನಿಜ ಅಳತೆಗಿಂತ ದೊಡ್ಡದಾಗಿ ಬರುತ್ತದೆ, ಮುಂದಿನ ಹಲ್ಲುಗಳು ಮಸುಕಾಗುತ್ತವೆ. ಒಟ್ಟಾರೆ ಸ್ಥಿತಿ ನೋಡಲು ಸರಿ. ಆದರೆ ಒಂದೊಂದು ಹಲ್ಲಿನ ಮೂಳೆ ಎಷ್ಟು ಇಳಿದಿದೆ ಎಂದು ಅಳೆಯಲು ಬಾಯೊಳಗಿನ ಚಿಕ್ಕ ಚಿತ್ರವೇ ವಾಸಿ. (1896ರಲ್ಲಿ ಜರ್ಮನಿಯ ದಂತವೈದ್ಯ ಒಟ್ಟೋ ವಾಲ್ಕಾಫ್ ತಮ್ಮದೇ ಹಲ್ಲಿನ ಎಕ್ಸ್‌ರೇಗಾಗಿ 25 ನಿಮಿಷ ಕಿರಣಕ್ಕೆ ಒಡ್ಡಿಕೊಂಡಿದ್ದರು. ಈಗ ಒಂದು ಸೆಕೆಂಡೂ ಬೇಡ.)

ಹಂತ 2: ಚಿತ್ರ ನೇರವಾಗಿದೆಯಾ ನೋಡಿ

ಎಕ್ಸ್‌ರೇ ಅಂದರೆ ನೆರಳು. ಮಧ್ಯಾಹ್ನ ಗಿಡ್ಡ, ಸಂಜೆ ಉದ್ದ. ಕಿರಣ ಓರೆಯಾಗಿ ಬಿದ್ದರೆ ಮೂಳೆಯ ಅಂಚೂ ಹಾಗೆಯೇ ಮೇಲೆ ಕೆಳಗೆ ಸರಿದು ಕಾಣುತ್ತದೆ. ಇದ್ದ ಮೂಳೆ ಕಡಿಮೆ ಕಾಣಬಹುದು, ಕರಗಿದ್ದು ಮುಚ್ಚಿಹೋಗಬಹುದು. ಗುರುತು ಹಿಡಿಯುವುದು ಸುಲಭ. ಅಕ್ಕಪಕ್ಕದ ಹಲ್ಲುಗಳು ಒಂದರ ಮೇಲೊಂದು ಹತ್ತಿಕೊಂಡಂತೆ ಕಾಣಬಾರದು, ನಡುವೆ ಸಂದು ಕಾಣಬೇಕು. ದವಡೆ ಹಲ್ಲಿನ ಅಗಿಯುವ ಮೇಲ್ಮೈ ತಟ್ಟೆಯಂತೆ ಅಗಲವಾಗಿ ಕಾಣಿಸುತ್ತಿದ್ದರೆ ಕೋನ ತಪ್ಪಿದೆ ಅಂತಲೇ ಲೆಕ್ಕ.

ಹಂತ 3: ಎರಡು ಗೆರೆ ಹುಡುಕಿ

ಹಲ್ಲಿನ ಬಿಳಿ ಟೋಪಿ, ಅಂದರೆ ಎನಾಮೆಲ್, ಎಲ್ಲಿ ಮುಗಿಯುತ್ತದೋ ಅದು ಮೊದಲ ಗೆರೆ. ಎರಡು ಹಲ್ಲುಗಳ ನಡುವೆ ಮೂಳೆ ಎಲ್ಲಿಂದ ಶುರುವಾಗುತ್ತದೋ ಅದು ಎರಡನೆಯದು. ಆರೋಗ್ಯವಂತರಲ್ಲಿ ಇವೆರಡರ ನಡುವೆ 1ರಿಂದ 2 ಮಿಲಿಮೀಟರ್ ಅಂತರ ಇರುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ಮೂಳೆ ಇಳಿದಿದೆ.

ಒಂದು ಲೆಕ್ಕ ಹಾಕೋಣ. ಮೊದಲ ಗೆರೆಯಿಂದ ಬೇರಿನ ತುದಿಗೆ 14 ಮಿಲಿಮೀಟರ್, ಮೂಳೆ ಶುರುವಾಗುವುದು 5 ಮಿಲಿಮೀಟರ್ ಕೆಳಗೆ ಎಂದುಕೊಳ್ಳಿ. ಸಹಜವಾದ 2 ಅನ್ನು ಎರಡರಿಂದಲೂ ಕಳೆಯಿರಿ. 12ರಲ್ಲಿ 3 ಹೋಗಿದೆ, ಅಂದರೆ ಶೇ 25. ವಸಡಿನ ರೋಗಕ್ಕೆ ಈಗ ಬಳಕೆಯಲ್ಲಿರುವ ವರ್ಗೀಕರಣದಲ್ಲಿ ಶೇ 15ಕ್ಕಿಂತ ಕಡಿಮೆ ಇದ್ದರೆ ಮೊದಲ ಹಂತ, 15ರಿಂದ 33 ಎರಡನೆಯದು, ಅದನ್ನೂ ದಾಟಿದರೆ ಗಂಭೀರ. ವಯಸ್ಸನ್ನೂ ನೋಡುತ್ತಾರೆ. 60ರ ಅಜ್ಜನಿಗೆ ಶೇ 25 ಹೋಗುವುದು ಬೇರೆ, 24ರ ಹುಡುಗನಿಗೆ ಹೋಗುವುದೇ ಬೇರೆ. ಹುಡುಗನದು ಓಡುತ್ತಿರುವ ರೋಗ.

ಹಂತ 4: ಚಿತ್ರ ಏನನ್ನು ತೋರಿಸುವುದಿಲ್ಲ ಎಂದು ತಿಳಿಯಿರಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಡಿಜಿಟಲ್ ಅಂದ ಕೂಡಲೇ ಕರಾರುವಾಕ್ಕು ಅಂದುಕೊಳ್ಳುತ್ತೇವೆ. ಆದರೆ ಮೂಳೆಯ ಖನಿಜದಲ್ಲಿ ಸುಮಾರು ಶೇ 30ರಿಂದ 50ರಷ್ಟು ಭಾಗ ಹೋಗುವವರೆಗೂ ಎಕ್ಸ್‌ರೇಯಲ್ಲಿ ಬದಲಾವಣೆ ಕಣ್ಣಿಗೆ ಬೀಳುವುದೇ ಕಷ್ಟ. ಚಿತ್ರ ಯಾವಾಗಲೂ ರೋಗಕ್ಕಿಂತ ಒಂದು ಹೆಜ್ಜೆ ಹಿಂದೆ.

ಇನ್ನೊಂದು ತೊಡಕಿದೆ. ಹಲ್ಲಿಗೆ ಕೆನ್ನೆಯ ಕಡೆ ಒಂದು, ನಾಲಿಗೆಯ ಕಡೆ ಒಂದು ಮೂಳೆಯ ಗೋಡೆ ಇದೆ. ಕೆನ್ನೆಯ ಕಡೆಯದು ಪೂರ್ತಿ ಬಿದ್ದುಹೋಗಿರಲಿ, ಹಿಂದಿನ ಗೋಡೆ ನಿಂತಿದ್ದರೆ ನೆರಳಿನಲ್ಲಿ ‘ಮೂಳೆ ಇದೆ’ ಎಂದೇ ಕಾಣುತ್ತದೆ. ಹಾಗಾಗಿ ಎಕ್ಸ್‌ರೇ ಸಾಮಾನ್ಯವಾಗಿ ಸವೆತವನ್ನು ಕಡಿಮೆ ಮಾಡಿಯೇ ಹೇಳುತ್ತದೆ.

ಸ್ಕ್ರೀನಿನಲ್ಲಿ ಬೆಳಕು ಹೆಚ್ಚುಕಮ್ಮಿ ಮಾಡುವ ಅನುಕೂಲವೂ ಎರಡು ಅಲಗಿನ ಕತ್ತಿ. ಚಿತ್ರ ತೀರಾ ಕಪ್ಪಾದರೆ ಮೂಳೆಯ ತೆಳ್ಳಗಿನ ತುದಿ ಮಾಯವಾಗುತ್ತದೆ. ಇಲ್ಲದ ಸವೆತ ಕಾಣುತ್ತದೆ.

ಹಂತ 5: ಕಡ್ಡಿಯ ಅಳತೆ ಕೇಳಿ

ಮಿಲಿಮೀಟರ್ ಗುರುತಿರುವ ತೆಳು ಕಡ್ಡಿಯನ್ನು, ಅಂದರೆ ಪ್ರೋಬನ್ನು, ವಸಡಿನ ಸಂದಿಗೆ ಇಳಿಸಿ ಪ್ರತಿ ಹಲ್ಲಿಗೂ ಆರು ಕಡೆ ಅಳೆಯುತ್ತಾರೆ. 3 ಮಿಲಿಮೀಟರ್‌ವರೆಗೆ ಚಿಂತೆಯಿಲ್ಲ. ಚಿತ್ರದಲ್ಲಿ ಎಲ್ಲ ಚೆನ್ನಾಗಿದ್ದು ಕಡ್ಡಿ 6 ಇಳಿದರೆ ಕಡ್ಡಿಯ ಮಾತನ್ನು ಕಡೆಗಣಿಸಬಾರದು. ಬರೀ ಎಕ್ಸ್‌ರೇ ನೋಡಿ ‘ಏನೂ ಇಲ್ಲ’ ಅಂದರೆ ‘ಡಾಕ್ಟ್ರೇ, ಪ್ರೋಬ್ ಹಾಕಿ ನೋಡ್ತೀರಾ?’ ಎಂದು ಧೈರ್ಯವಾಗಿ ಕೇಳಿ. ಸಕ್ಕರೆ ಕಾಯಿಲೆ ಇರುವವರು, ಬೀಡಿ ಸಿಗರೇಟು ಸೇದುವವರು ಕೇಳಲೇಬೇಕು.

ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಎರಡೂ ಗೋಡೆಗಳನ್ನು ಬಿಡಿಸಿ ತೋರಿಸುತ್ತದೆ. ಆದರೆ ವಿಕಿರಣವೂ ಖರ್ಚೂ ಜಾಸ್ತಿ, ಮೆಟಲ್ ಕ್ಯಾಪ್ ಇದ್ದರೆ ಚಿತ್ರ ಕೆಡುತ್ತದೆ. ಇಂಪ್ಲಾಂಟ್ ಅಥವಾ ಆಪರೇಷನ್ ಯೋಚನೆ ಇದ್ದಾಗ ಸರಿ, ಎಲ್ಲರಿಗೂ ಬೇಡ.

ಮನೆಗೆ ಹೊರಡುವಾಗ ಸ್ಕ್ರೀನಿನ ಫೋಟೋ ಹೊಡೆದುಕೊಳ್ಳಬೇಡಿ, ವಾಟ್ಸ್ಆ್ಯಪ್‌ನಲ್ಲಿ ಕುಗ್ಗಿ ಬಂದದ್ದೂ ಬೇಡ. ಮೂಲ ಫೈಲನ್ನೇ ತಾರೀಖಿನ ಸಮೇತ ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ. ಮುಂದಿನ ಸಲ ಅದೇ ಹಲ್ಲನ್ನು ಅದೇ ಕೋನದಲ್ಲಿ ತೆಗೆದು ಪಕ್ಕಪಕ್ಕ ಇಟ್ಟರೆ, ಮೂಳೆ ನಿಂತಿದೆಯೋ ಇಳಿಯುತ್ತಿದೆಯೋ ಗೊತ್ತಾಗುತ್ತದೆ.