ಕಂಬದಿಂದ ಮನೆಯೊಳಗೆ: ಇಂಟರ್‌ನೆಟ್ ಸಂಪರ್ಕವನ್ನು ನಾನು ತೂಗಿ ನೋಡಿದ ಬಗೆ

ವರ್ಷಗಳಿಂದ ಮನೆಯಲ್ಲಿದ್ದ ಕೇಬಲ್ ಇಂಟರ್‌ನೆಟ್ ಅನ್ನು ಉಳಿಸಿಕೊಳ್ಳಬೇಕೇ, ಫೈಬರ್‌ಗೆ ಹೋಗಬೇಕೇ ಎಂಬ ಪ್ರಶ್ನೆ ಎದ್ದಾಗ, ಸಲಹೆ ಕೊಟ್ಟವರೆಲ್ಲರೂ ಎಷ್ಟು ಸ್ಪೀಡು, ಎಷ್ಟು ದುಡ್ಡು ಎಂಬಲ್ಲಿಂದಲೇ ಮಾತು ಆರಂಭಿಸಿದರು. ನಾನು ಆ ಕ್ರಮವನ್ನು ತಿರುಗಿಸಿದೆ. ಸಣ್ಣ ವ್ಯಾಪಾರಿಗಳ ಲೆಕ್ಕಪತ್ರವನ್ನು ಮನೆಯಿಂದಲೇ ನೋಡಿಕೊಳ್ಳುವ ನನಗೆ, ತಿಂಗಳ ಜಿಎಸ್‌ಟಿ ರಿಟರ್ನ್ ಸಲ್ಲಿಸಬೇಕಾದ 20ನೇ ತಾರೀಕಿನ ಸಂಜೆ ಸಂಪರ್ಕ ಹೋದರೆ, ಪ್ಲಾನಿನ ಹೆಸರಿನಲ್ಲಿ 300 ಎಂಬಿಪಿಎಸ್ ಎಂದಿರುವುದರಿಂದ ಕಾಸಿನ ಪ್ರಯೋಜನವಿಲ್ಲ. ಆದ್ದರಿಂದ ಸೇವೆಯನ್ನು ಮೊದಲು, ವೇಗವನ್ನು ನಂತರ, ಬೆಲೆಯನ್ನು ಕೊನೆಗೆ ನೋಡುವುದೆಂದು ನಿಶ್ಚಯಿಸಿದೆ.

ಬೆಂಗಳೂರಿನ ಕತ್ತರಿಗುಪ್ಪೆಯ ನಮ್ಮ ಬೀದಿಯಲ್ಲಿ ಬೆಸ್ಕಾಂ ಕಂಬಗಳ ನಡುವೆ ಜೋತಾಡುವ ಕಪ್ಪು ತಂತಿಗಳಲ್ಲಿ ಮೂರು ಜಾತಿಯವು ಸೇರಿಕೊಂಡಿವೆ: ಕೇಬಲ್ ಟಿವಿಯ ಕಾಲದ ದಪ್ಪ ಕೋಆಕ್ಸಿಯಲ್, ಕಟ್ಟಡದಿಂದ ಕಟ್ಟಡಕ್ಕೆ ಎಳೆದ ಈಥರ್‌ನೆಟ್ (ಇವೆರಡೂ ತಾಮ್ರದವು), ಗಾಜಿನ ಎಳೆಯಲ್ಲಿ ಬೆಳಕನ್ನು ಸಾಗಿಸುವ ಈಚಿನ ತೆಳ್ಳನೆಯ ಫೈಬರ್. ಕಂಪನಿಯ ಹೆಸರು ದೊಡ್ಡದಾಗಿದ್ದರೂ ಈ ಕೊನೆಯ ಗಜಗಳ ತಂತಿಯನ್ನು ನೋಡಿಕೊಳ್ಳುವವರು ಅನೇಕ ಕಡೆ ಸ್ಥಳೀಯ ಕೇಬಲ್ ಆಪರೇಟರ್ ಅಥವಾ ಗುತ್ತಿಗೆ ಪಡೆದ ತಂಡ. ಹೀಗಾಗಿಯೇ ಒಂದೇ ಕಂಪನಿಯನ್ನು ಬಸವನಗುಡಿಯವರು ಹೊಗಳಿದರೆ ಹೊಸಕೆರೆಹಳ್ಳಿಯವರು ಶಪಿಸುತ್ತಾರೆ, ಇಬ್ಬರ ಮಾತೂ ನಿಜವಾಗಿರುತ್ತದೆ. ದೂರದ ನೆಂಟರ ಅಭಿಪ್ರಾಯವನ್ನು ಬದಿಗಿಟ್ಟು, ನಮ್ಮ ಕಂಬದಿಂದಲೇ ಸಂಪರ್ಕ ಪಡೆದಿರುವ ಅಕ್ಕಪಕ್ಕದ ಕಟ್ಟಡದವರನ್ನಷ್ಟೇ ವಿಚಾರಿಸಿದೆ. ಅವರಲ್ಲಿ ಚೆನ್ನಾಗಿದೆಯೇ ಎಂದು ಕೇಳಲಿಲ್ಲ. ಹಾಗೆ ಕೇಳಿದರೆ ಪರವಾಗಿಲ್ಲ ಎಂಬ ಉತ್ತರ ಬಿಟ್ಟು ಬೇರೇನೂ ಬರುವುದಿಲ್ಲ. ಹಿಂದಿನ ಮಳೆಗಾಲದಲ್ಲಿ ಲೈನ್ ಹೋದಾಗ ಎಷ್ಟು ಹೊತ್ತಿಗೆ ಮರಳಿ ಬಂತು, ಯಾರಿಗೆ ಫೋನ್ ಮಾಡಿದಿರಿ, ಬಂದವರ ಬಳಿ ಹರಿದ ಫೈಬರ್ ಜೋಡಿಸುವ ಸ್ಪ್ಲೈಸಿಂಗ್ ಯಂತ್ರವಿತ್ತೇ ಎಂದು ಕೇಳಿದೆ. ಒಂದು ಕಂಪನಿಯ ವಿಷಯದಲ್ಲಿ ನಮ್ಮ ವಾಚ್‌ಮನ್, "ಅವರ ಹುಡುಗರು ಯಾವಾಗಲೂ ಇಲ್ಲೇ ಇರ್ತಾರೆ ಮೇಡಂ" ಎಂದ. ಕರೆದ ಕೂಡಲೇ ಬರುತ್ತಾರೆ ಎಂಬುದಕ್ಕೂ ಲೈನ್ ಪದೇಪದೇ ಕೆಡುತ್ತದೆ ಎಂಬುದಕ್ಕೂ ಆ ಮಾತು ಸಾಕ್ಷಿಯಾಗಬಲ್ಲದು. ನೆರೆಯವರ ಉತ್ತರದೊಡನೆ ಇಟ್ಟು ನೋಡಿದಾಗ ಎರಡನೆಯದೇ ಸರಿಯೆಂದು ತಿಳಿಯಿತು.

ಬೆಂಗಳೂರಿನಲ್ಲಿ ಸೇವೆಯ ಪರೀಕ್ಷೆಗೆ ಕರೆಂಟ್ ಹೋದ ಹೊತ್ತೇ ತಕ್ಕದ್ದು. ನಮ್ಮ ಮನೆಯಲ್ಲಿ ಯುಪಿಎಸ್ ಇದೆ, ಮೋಡೆಮ್ ಉರಿಯುತ್ತಲೇ ಇರುತ್ತದೆ, ಆದರೂ ಹಳೆಯ ಸಂಪರ್ಕ ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ನಿಲ್ಲುತ್ತಿತ್ತು. ಕೋಆಕ್ಸಿಯಲ್ ಜಾಲದಲ್ಲಿ ಸಂಕೇತವನ್ನು ದಾರಿಯುದ್ದಕ್ಕೂ ಹಿಗ್ಗಿಸುವ ಆಂಪ್ಲಿಫೈಯರ್‌ಗಳಿಗೂ ಬಡಾವಣೆಯ ಮನೆಗಳಿಗೆ ಸಂಪರ್ಕ ಹಂಚುವ ನೋಡ್ ಎಂಬ ಪೆಟ್ಟಿಗೆಗೂ ವಿದ್ಯುತ್ ಬೇಕು. ಈಥರ್‌ನೆಟ್ ಎಳೆದಿದ್ದರೆ ಕಟ್ಟಡದ ಮೆಟ್ಟಿಲ ಕೆಳಗಿನ ಪೆಟ್ಟಿಗೆಯಲ್ಲಿರುವ, ಮನೆಗಳಿಗೆ ಇಂಟರ್‌ನೆಟ್ ಹಂಚುವ ಸ್ವಿಚ್‌ಗೆ ಬೇಕು. ಅಲ್ಲಿನ ಬ್ಯಾಟರಿ ಹಳತಾಗಿದ್ದರೆ ನಮ್ಮ ಮನೆಯ ಯುಪಿಎಸ್ ಎಷ್ಟೇ ದೊಡ್ಡದಿದ್ದರೂ ವ್ಯರ್ಥ. ಮನೆಯವರೆಗೂ ಬರುವ ಫೈಬರ್‌ನಲ್ಲಿ ಈಗ ಹೆಚ್ಚಾಗಿ ಬಳಕೆಯಲ್ಲಿರುವ ಜಿಪಾನ್ ವ್ಯವಸ್ಥೆಯ ಗುಣವೇ ಬೇರೆ: ಕಂಪನಿಯ ಕೇಂದ್ರಕ್ಕೂ ನಮ್ಮ ಮನೆಯಲ್ಲಿ ಫೈಬರ್ ಬಂದು ಸೇರುವ ಓಎನ್‌ಟಿ ಪೆಟ್ಟಿಗೆಗೂ ನಡುವೆ ಇರುವುದು ಬೆಳಕನ್ನು ಹಂಚುವ ಗಾಜಿನ ಸ್ಪ್ಲಿಟರ್ ಮಾತ್ರ, ಅದಕ್ಕೆ ವಿದ್ಯುತ್ತಿನ ಹಂಗಿಲ್ಲ. ಆದರೆ ಫೈಬರ್ ಎಂದು ಹೇಳಿ ಮಾರುವ ಎಲ್ಲವೂ ಹೀಗಿಲ್ಲ. ಕಂಬದವರೆಗೆ ಫೈಬರ್ ತಂದು ಅಲ್ಲಿಂದ ಒಳಗೆ ತಾಮ್ರದ ತಂತಿ ಎಳೆಯುವವರೂ ಇದ್ದಾರೆ. ಮಾರಾಟದ ಹುಡುಗನಿಗೆ ನಾನು ಕೇಳಿದ ಮೊದಲ ಪ್ರಶ್ನೆಯೇ ಗೋಡೆ ದಾಟಿ ನನ್ನ ಹಾಲ್‌ಗೆ ಬರುವ ತಂತಿ ಯಾವುದು ಎಂಬುದಾಗಿತ್ತು. ಮನೆಯಲ್ಲಿ ದೊಡ್ಡ ಯುಪಿಎಸ್ ಇಲ್ಲದವರಿಗೆ ರೂಟರಿಗೆಂದೇ ಸಿಗುವ ಮಿನಿ ಯುಪಿಎಸ್ ಸಾಕು, ಕೊಳ್ಳುವಾಗ ರೂಟರಿನ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ತಾಳೆಯಾಗಬೇಕು.

ಇನ್ನು ಮಳೆ. ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಕೊಂಬೆ ಮುರಿದು ಬಿದ್ದಾಗ ಕೋಆಕ್ಸಿಯಲ್ಲೂ ಫೈಬರೂ ಸಮನಾಗಿ ತುಂಡಾಗುತ್ತವೆ, ಅಲ್ಲಿ ಒಂದು ಇನ್ನೊಂದಕ್ಕಿಂತ ಮೇಲೆಂದು ಹೇಳುವಂತಿಲ್ಲ. ವ್ಯತ್ಯಾಸವಿರುವುದು ಸಿಡಿಲಿನಲ್ಲಿ ಮತ್ತು ತೇವದಲ್ಲಿ. ತಾಮ್ರದ ತಂತಿ ಸಿಡಿಲಿನ ಆಘಾತವನ್ನು ಮೋಡೆಮ್‌ವರೆಗೂ ತರಬಲ್ಲದು, ಗಾಜು ತರಲಾರದು. ಕೋಆಕ್ಸಿಯಲ್ ತಂತಿಯ ಕನೆಕ್ಟರಿಗೆ ನೀರು ಇಳಿದು ಕಿಲುಬು ಹಿಡಿದರೆ ಸಂಪರ್ಕ ಪೂರ್ತಿ ಹೋಗುವುದಿಲ್ಲ, ಆಗಾಗ ಬಿಟ್ಟುಬಿಟ್ಟು ಬರುತ್ತದೆ; ಇಂಥ ದೋಷವನ್ನು ದೂರು ಕೇಂದ್ರದವರಿಗೆ ಮನವರಿಕೆ ಮಾಡಿಕೊಡುವುದು ಪೂರ್ತಿ ಹೋದ ಲೈನಿಗಿಂತ ಕಷ್ಟ, ಏಕೆಂದರೆ ನಾವು ಫೋನ್ ಮಾಡಿದ ಹೊತ್ತಿಗೆ ಅದು ಸರಿಯಾಗಿರುತ್ತದೆ. ಫೈಬರ್ ಹರಿದರೆ ಓಎನ್‌ಟಿಯ ಮೇಲೆ ಕೆಂಪು ದೀಪ ಹತ್ತುತ್ತದೆ, ವಾದಕ್ಕೆ ಎಡೆಯಿರುವುದಿಲ್ಲ. ಸಂಪರ್ಕ ಹಾಕಿದ ದಿನವೇ ಟೆಕ್ನಿಷಿಯನ್ ಕೈಯಲ್ಲಿ ಪವರ್ ಮೀಟರ್ ಇಡಿಸಿ, ಬರುವ ಬೆಳಕಿನ ಮಟ್ಟ ಎಷ್ಟು ಡಿಬಿಎಂ (ಬೆಳಕಿನ ಬಲದ ಅಳತೆ) ಎಂದು ಬರೆದುಕೊಂಡೆ. ಮೈನಸ್ 20ರ ಆಸುಪಾಸಿನಲ್ಲಿದ್ದರೆ ನಿಶ್ಚಿಂತೆ. ಮೈನಸ್ 27ರತ್ತ ಜಾರಿದರೆ ಸಂಪರ್ಕ ತಡವರಿಸತೊಡಗುತ್ತದೆ. ಮುಂದೆ ತಂತಿ ಹರಿದು ಜೋಡಿಸಿದಾಗಲೆಲ್ಲ ಇದೇ ಸಂಖ್ಯೆಯನ್ನು ಮತ್ತೆ ನೋಡಿದರೆ ಜೋಡಣೆ ಅಚ್ಚುಕಟ್ಟಾಗಿದೆಯೇ ಎಂಬುದು ಗೊತ್ತಾಗುತ್ತದೆ.

ದೂರಿನ ವ್ಯವಸ್ಥೆಯನ್ನು ಸೇರುವ ಮುನ್ನವೇ ಪರೀಕ್ಷಿಸಬಹುದು. ಕಂಪನಿಯ ಗ್ರಾಹಕ ಸಂಖ್ಯೆಗೆ ಭಾನುವಾರ ಸಂಜೆ ಫೋನ್ ಮಾಡಿ, ಮಾರಾಟದ ಆಯ್ಕೆಯನ್ನು ಒತ್ತದೆ ದೂರಿನ ಆಯ್ಕೆಯನ್ನು ಒತ್ತಿ, ಮನುಷ್ಯನ ದನಿ ಕೇಳಲು ಎಷ್ಟು ಹೊತ್ತು ಕಾಯಬೇಕೆಂದು ನೋಡಿದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ದೂರು ಪರಿಹಾರ ನಿಯಮಗಳ ಪ್ರಕಾರ ಪ್ರತಿ ದೂರಿಗೂ ಡಾಕೆಟ್ ಸಂಖ್ಯೆ, ಅಂದರೆ ದೂರಿನ ದಾಖಲೆ ಸಂಖ್ಯೆ, ಕೊಡಬೇಕು. ಪರಿಹಾರ ತೃಪ್ತಿಕರವಾಗಿಲ್ಲದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅದು 39 ದಿನಗಳೊಳಗೆ ತೀರ್ಮಾನ ಕೊಡಬೇಕು. ದೂರಸಂಪರ್ಕದ ತಕರಾರನ್ನು ಗ್ರಾಹಕ ನ್ಯಾಯಾಲಯಕ್ಕೆ ಒಯ್ಯಬಹುದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿದೆ. ಬೀದಿಯ ಆಪರೇಟರ್‌ಗೆ ನೇರವಾಗಿ ವಾಟ್ಸಾಪ್ ಮಾಡಿದರೆ ಕೆಲಸ ಬೇಗ ಆಗುತ್ತದೆ ಎಂಬುದು ನಿಜವೇ ಆದರೂ ಅದಕ್ಕೆ ಡಾಕೆಟ್ ಸಂಖ್ಯೆ ಇರುವುದಿಲ್ಲ. ನಾನು ಎರಡನ್ನೂ ಮಾಡುತ್ತೇನೆ: ದೂರು ದಾಖಲಿಸಿದ ಮೇಲೆ ಆ ಸಂಖ್ಯೆಯನ್ನೇ ಅವರಿಗೆ ಕಳುಹಿಸುತ್ತೇನೆ.

ವೇಗದ ವಿಷಯಕ್ಕೆ ಬಂದರೆ, ಹಳೆಯದನ್ನು ಕಡಿತಗೊಳಿಸದೆ ಹೊಸದನ್ನೂ ಹಾಕಿಸಿಕೊಂಡು, ಒಂದು ಬಿಲ್ ಅವಧಿಯಲ್ಲಿ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಅಳೆದೆ. ಎರಡು ಬಿಲ್ ತೆರಬೇಕಾಗುತ್ತದೆ, ಆದರೆ ಬೇರಾವ ರೀತಿಯ ಹೋಲಿಕೆಯನ್ನೂ ನಾನು ನಂಬಲಾರೆ. ವೈಫೈ ಮೂಲಕ ಅಳೆದರೆ ಕಂಪನಿಯ ಬದಲು ನಮ್ಮ ಗೋಡೆಗಳನ್ನು ಅಳೆದಂತಾಗುವುದರಿಂದ ಲ್ಯಾಪ್‌ಟಾಪನ್ನು ರೂಟರಿಗೆ ತಂತಿಯಿಂದಲೇ ಜೋಡಿಸಿದೆ. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ರೂಟರಿನ ಅಥವಾ ಲ್ಯಾಪ್‌ಟಾಪಿನ ಪೋರ್ಟ್ 100 ಎಂಬಿಪಿಎಸ್ ಮಿತಿಯ ಫಾಸ್ಟ್ ಈಥರ್‌ನೆಟ್‌ನದ್ದಾಗಿದ್ದರೆ, ಪ್ಲಾನು 300ರದ್ದಿದ್ದರೂ ಪರೀಕ್ಷೆಯಲ್ಲಿ 95ರ ಆಸುಪಾಸಿಗಿಂತ ಮೇಲೇರದು. ಎರಡನೆಯದಾಗಿ, ಎಂಬಿಪಿಎಸ್ ಎಂಬುದು ಮೆಗಾಬಿಟ್‌ಗಳ ಲೆಕ್ಕ. ಎಂಟು ಬಿಟ್ ಸೇರಿ ಒಂದು ಬೈಟ್ ಆಗುವುದರಿಂದ 100 ಎಂಬಿಪಿಎಸ್ ಸಂಪರ್ಕದಲ್ಲಿ ಫೈಲು ಇಳಿಯುವುದು ಹೆಚ್ಚೆಂದರೆ ಸೆಕೆಂಡಿಗೆ 12.5 ಮೆಗಾಬೈಟ್. ಇದನ್ನರಿಯದೆ ಕಂಪನಿಯವರೊಡನೆ ಜಗಳವಾಡುವವರನ್ನು ನಮ್ಮ ಕಟ್ಟಡದಲ್ಲೇ ಕಂಡಿದ್ದೇನೆ.

ಹಗಲಿನಲ್ಲಿ ಎರಡೂ ಸಂಪರ್ಕಗಳು ಹೇಳಿದ ವೇಗದ ಹತ್ತಿರವೇ ಇದ್ದವು. ರಾತ್ರಿ ಎಂಟರಿಂದ ಹನ್ನೊಂದರ ನಡುವೆ ಕೇಬಲ್ಲಿನ ವೇಗ ಅರ್ಧಕ್ಕೂ ಕೆಳಗಿಳಿಯುತ್ತಿತ್ತು, ಏಕೆಂದರೆ ಒಂದು ನೋಡ್‌ನ ಸಾಮರ್ಥ್ಯವನ್ನು ಬಡಾವಣೆಯ ಅನೇಕ ಮನೆಗಳು ಹಂಚಿಕೊಳ್ಳುತ್ತವೆ. ಫೈಬರ್‌ನಲ್ಲೂ ಹಂಚಿಕೆ ಇದೆ: ಜಿಪಾನ್‌ನ ಒಂದು ಪೋರ್ಟಿನ ಸುಮಾರು 2.5 ಗಿಗಾಬಿಟ್ ಅನ್ನು 32 ಅಥವಾ 64 ಮನೆಗಳಿಗೆ ಹಂಚುವುದು ವಾಡಿಕೆ. ಆದರೂ ನಮ್ಮಲ್ಲಿ ರಾತ್ರಿಯ ಕುಸಿತ ಕಣ್ಣಿಗೆ ಕಾಣುವಷ್ಟಿರಲಿಲ್ಲ. ಅಪ್‌ಲೋಡ್‌ನಲ್ಲಿ ಅಂತರ ಇನ್ನೂ ಹೆಚ್ಚು. ಕೇಬಲ್ ಜಾಲವನ್ನು ಮೊದಲು ಕಟ್ಟಿದ್ದು ಟಿವಿ ಚಿತ್ರವನ್ನು ಮನೆಗೆ ತಲುಪಿಸಲೇ ಹೊರತು ಮನೆಯಿಂದ ಏನನ್ನೂ ಹೊರಗೆ ಕಳುಹಿಸಲಲ್ಲ, ಆದ್ದರಿಂದ ಹಿಂದಿರುಗುವ ದಾರಿಗೆ ಸಿಕ್ಕಿರುವ ತರಂಗಾಂತರ ಬಹಳ ಕಿರಿದು. ಮಗಳ ಆನ್‌ಲೈನ್ ತರಗತಿಯೂ ನನ್ನ ವಿಡಿಯೊ ಸಭೆಯೂ ಒಟ್ಟಿಗೆ ನಡೆಯುವಾಗ ನಮ್ಮನ್ನು ಕಾಡುತ್ತಿದ್ದುದು ಇದೇ.

ಸ್ಪೀಡ್ ಟೆಸ್ಟ್ ಆ್ಯಪ್‌ಗಳು ತಾವಾಗಿ ಆರಿಸಿಕೊಳ್ಳುವ ಸರ್ವರ್ ಅನೇಕ ವೇಳೆ ಆ ಕಂಪನಿಯ ಜಾಲದೊಳಗೇ ಇರುತ್ತದೆ, ಅಲ್ಲಿ ಬರುವ ಅಂಕಿ ಸಹಜವಾಗಿಯೇ ಚೆನ್ನಾಗಿರುತ್ತದೆ. ಸಮುದ್ರದಡಿಯ ಕೇಬಲ್‌ಗಳು ಭಾರತಕ್ಕೆ ಬಂದು ಸೇರುವುದು ಮುಖ್ಯವಾಗಿ ಮುಂಬೈ ಮತ್ತು ಚೆನ್ನೈಗಳಲ್ಲಿ. ಬೆಂಗಳೂರಿನಿಂದ ಹೊರದೇಶಕ್ಕೆ ಹೋಗುವ ದತ್ತಾಂಶ ಅಲ್ಲಿಯವರೆಗೆ ನೆಲದ ಮೇಲೆ ಸಾಗಬೇಕು. ಆದ್ದರಿಂದ ಚೆನ್ನೈ, ಮುಂಬೈ, ಸಿಂಗಪುರದ ಸರ್ವರ್‌ಗಳನ್ನು ಕೈಯಾರೆ ಆರಿಸಿ ನೋಡಿದೆ. ಜೊತೆಗೆ ದೊಡ್ಡ ಫೈಲೊಂದನ್ನು ಇಳಿಸಲು ಹಚ್ಚಿ, ಅದೇ ಹೊತ್ತಿನಲ್ಲಿ ಪಿಂಗ್ (ಸರ್ವರ್‌ನಿಂದ ಉತ್ತರ ಮರಳಲು ಹಿಡಿಯುವ ಸಮಯ) ಎಷ್ಟಾಗುತ್ತದೆಂದು ಗಮನಿಸಿದೆ. ಸುಮ್ಮನಿರುವಾಗ ಹತ್ತು ಮಿಲಿಸೆಕೆಂಡಿನ ಒಳಗಿದ್ದ ಪಿಂಗ್ ಭಾರ ಬಿದ್ದಾಗ ನೂರಾರು ಮಿಲಿಸೆಕೆಂಡಿಗೆ ಏರಿದರೆ, ವೇಗದ ಅಂಕಿ ಎಷ್ಟೇ ದೊಡ್ಡದಿದ್ದರೂ ವಿಡಿಯೊ ಸಭೆಯಲ್ಲಿ ಮಾತು ತುಂಡುತುಂಡಾಗುತ್ತದೆ. ಈ ಪರೀಕ್ಷೆಯನ್ನು ಮಾಡುವವರು ಕಡಿಮೆ. ನನ್ನ ನಿರ್ಧಾರದಲ್ಲಿ ಹೆಚ್ಚು ತೂಕ ಪಡೆದದ್ದು ಇದೇ.

ಎಷ್ಟು ವೇಗ ಬೇಕು ಎಂಬುದಕ್ಕೆ ಉತ್ತರ ಸರಳವಾಗಿದೆ. ನೆಟ್‌ಫ್ಲಿಕ್ಸ್ ತಾನೇ ಹೇಳುವಂತೆ 4ಕೆ ಚಿತ್ರಕ್ಕೆ 15 ಎಂಬಿಪಿಎಸ್, ಫುಲ್ ಎಚ್‌ಡಿಗೆ 5 ಸಾಕು. ನಾಲ್ಕು ಜನರ ಮನೆಗೆ 100 ಧಾರಾಳ. ಅತ್ತೆಯವರ ಕೋಣೆಯಲ್ಲಿ ಧಾರಾವಾಹಿ ನಿಂತುನಿಂತು ಬರುತ್ತಿದ್ದುದಕ್ಕೆ ಪ್ಲಾನು ಕಾರಣವಾಗಿರಲಿಲ್ಲ. ಬಾಗಿಲ ಮೂಲೆಯಲ್ಲಿದ್ದ ರೂಟರಿನ 5 ಗಿಗಾಹರ್ಟ್ಸ್ ಸಂಕೇತ ಎರಡು ಗೋಡೆಗಳನ್ನು ದಾಟಲಾರದೆ ಹೋಗುತ್ತಿತ್ತು. ಟೆಕ್ನಿಷಿಯನ್‌ಗೆ ಬಾಗಿಲ ಮೂಲೆಯೇ ಅನುಕೂಲ, ತಂತಿ ಉಳಿಯುತ್ತದೆ. ಹಾಲ್‌ನ ನಡುವಿನ ಗೋಡೆಗೇ ಹಾಕಬೇಕೆಂದು ನಾವು ಪಟ್ಟು ಹಿಡಿಯಬೇಕು.

ಬೆಲೆಯನ್ನು ನಾನು ತಿಂಗಳಿನ ದರದಲ್ಲಿ ನೋಡದೆ ವರ್ಷಕ್ಕೆ ಕೈಯಿಂದ ಹೋಗುವ ಒಟ್ಟು ಮೊತ್ತದಲ್ಲಿ ನೋಡಿದೆ. ಜಾಹೀರಾತಿನ 699ಕ್ಕೆ 18 ಶೇಕಡಾ ಜಿಎಸ್‌ಟಿ ಸೇರಿದರೆ 824.82 ಆಗುತ್ತದೆ. ಅದಕ್ಕೆ ಇನ್‌ಸ್ಟಲೇಷನ್ ಶುಲ್ಕ, ರೂಟರಿನ ಠೇವಣಿ ಅಥವಾ ಬಾಡಿಗೆ, ಮೊದಲ ಕೆಲವು ತಿಂಗಳ ರಿಯಾಯಿತಿ ಮುಗಿದ ಮೇಲಿನ ದರ, ಇವನ್ನು ಇಡೀ ವರ್ಷಕ್ಕೆ ಕೂಡಿಸಿ, ತಿಂಗಳ ನಿಜವಾದ ಖರ್ಚು ತಿಳಿಯಲು ಹನ್ನೆರಡರಿಂದ ಭಾಗಿಸಬೇಕು. ನಾವು ನೋಡದ ಓಟಿಟಿಗಳ ಬೆಲೆಯನ್ನು ಉಳಿತಾಯವೆಂದು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅನ್‌ಲಿಮಿಟೆಡ್ ಎಂದಿರುವ ಅನೇಕ ಪ್ಲಾನುಗಳಿಗೆ ತಿಂಗಳಿಗೆ 3,300 ಜಿಬಿ ಮಿತಿ ಇರುತ್ತದೆ, ಅಂದರೆ ದಿನಕ್ಕೆ 110 ಜಿಬಿ. 4ಕೆ ಚಿತ್ರಕ್ಕೆ ಗಂಟೆಗೆ ಸುಮಾರು 7 ಜಿಬಿ ಎಂದಿಟ್ಟುಕೊಂಡರೂ ನಮ್ಮಂಥ ಮನೆ ಅದನ್ನು ಮುಟ್ಟುವುದಿಲ್ಲ, ಹಾಗಾಗಿ ಆ ವಿಷಯವನ್ನು ಅಲ್ಲಿಗೇ ಬಿಟ್ಟೆ. ಆರು ತಿಂಗಳ ಹಣ ಮುಂಗಡ ಕೊಟ್ಟರೆ ಇನ್‌ಸ್ಟಲೇಷನ್ ಉಚಿತ, ಮೇಲೊಂದು ತಿಂಗಳು ಉಚಿತ ಎಂಬ ಆಮಿಷವನ್ನು ನಿರಾಕರಿಸಿ, ಶುಲ್ಕ ಕಟ್ಟಿ ತಿಂಗಳ ಪ್ಲಾನನ್ನೇ ತೆಗೆದುಕೊಂಡೆ. ಮುಂಗಡ ಕೈಸೇರಿದ ಮೇಲೆ ಕಂಪನಿಯ ಉತ್ಸಾಹ ಹೇಗೆ ಇಳಿಯುತ್ತದೆಂದು ಹಳೆಯ ಸಂಪರ್ಕದಲ್ಲೇ ನೋಡಿಯಾಗಿತ್ತು. ಹೊಸಬರನ್ನು ಒಂದು ಮಳೆಗಾಲ ನೋಡಿದ ನಂತರವಷ್ಟೇ ಆರು ತಿಂಗಳ ಪ್ಲಾನಿಗೆ ಬದಲಾದೆ.

ಕೊನೆಗೆ ಆರಿಸಿಕೊಂಡದ್ದು ಎಲ್ಲಕ್ಕಿಂತ ಅಗ್ಗದ್ದೂ ಅಲ್ಲ, ಎಲ್ಲಕ್ಕಿಂತ ವೇಗದ್ದೂ ಅಲ್ಲ. ಮನೆಯೊಳಗಿನವರೆಗೂ ಗಾಜಿನ ತಂತಿ ತರುವ, ದುರಸ್ತಿ ತಂಡದ ಕಚೇರಿ ಪಕ್ಕದ ಕ್ರಾಸಿನಲ್ಲಿಯೇ ಇರುವ ಕಂಪನಿಯ 100 ಎಂಬಿಪಿಎಸ್ ಪ್ಲಾನು. ಹಳೆಯ ಕೇಬಲ್ ಬಿಡುವಾಗ ಕಡಿತದ ಕೋರಿಕೆಯನ್ನು ಬಿಲ್ ದಿನಾಂಕಕ್ಕೆ ಮುಂಚೆ ಇಮೇಲ್ ಮೂಲಕವೇ ಕಳುಹಿಸಿ ಅದಕ್ಕೂ ಡಾಕೆಟ್ ಸಂಖ್ಯೆ ಪಡೆದೆ. ಮೋಡೆಮ್ ಒಯ್ಯಲು ಬಂದವನಿಂದ ಅದರ ಸೀರಿಯಲ್ ಸಂಖ್ಯೆ ಮತ್ತು ಅಡಾಪ್ಟರ್ ಸಹಿತ ಪಡೆದೆನೆಂದು ಬರೆದ ರಸೀದಿಗೆ ಸಹಿ ಹಾಕಿಸಿಕೊಂಡೆ. ಠೇವಣಿ ಬ್ಯಾಂಕಿಗೆ ಮರಳಲು ಆ ರಸೀದಿಯ ಫೋಟೊವನ್ನೇ ಅವರಿಗೆ ಮತ್ತೆ ಕಳುಹಿಸಬೇಕಾಯಿತು.