ಬರಿಮೈ ಗೇರ್ ವೈರಿಗೆ ಕೊಳವೆ ತೊಡಿಸಿದ್ದು

ಸೈಕಲ್ ಫ್ರೇಮಿನ ಅಡಿಯಲ್ಲಿ ಬರಿಮೈಯಲ್ಲಿ ಓಡುವ ಗೇರ್ ವೈರಿಗೆ ಪಿಟಿಎಫ್‌ಇ (ಟೆಫ್ಲಾನ್) ಕೊಳವೆ ತೊಡಿಸಿದರೆ ಮುದುಡುತ್ತದೆ, ಗೇರ್ ಬಿಗಿಯಾಗುತ್ತದೆ ಎಂದವರೇ ಹೆಚ್ಚು. ಮೊದಲ ಮೂರು ಸಲ ನನ್ನದೂ ಕೆಟ್ಟಿತು. ನಾಲ್ಕನೆಯದು ಎರಡು ಮಳೆಗಾಲ ಕಳೆದು, ಹೆಚ್ಚುಕಡಿಮೆ 5,000 ಕಿ.ಮೀ. ಓಡಿದೆ; ಇನ್ನರ್ (ಒಳಗಿನ ವೈರು) ಇನ್ನೂ ಅದೇ. ಮುಂಚೆ 1,500ಕ್ಕೆಲ್ಲ ಹಿಂದಿನ ಡಿರೈಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಬಳಿಯ ಔಟರ್ (ವೈರಿನ ಹೊರಕವಚ) ತುಂಡು ಕೆಸರು ಕುಡಿದು ಕೂತಿರುತ್ತಿತ್ತು. ನೀರು ಬರಿ ವೈರಿನ ಮೇಲೆ ಜಾರಿ ಬಂದು ಆ ತುಂಡಿನ ತಗ್ಗಿನಲ್ಲೇ ನಿಲ್ಲುವುದು.

ಇನ್ನರ್ 1.2 ಮಿ.ಮೀ. ಸ್ಟೇನ್‌ಲೆಸ್. ಕೊಳವೆಯ ಒಳವ್ಯಾಸ 1.5, ಹೊರಗೆ ಸುಮಾರು 2.

ಮೊದಲ ತಪ್ಪು ಅಳತೆಯದು. ಸ್ಟಾಪಿನಿಂದ ಸ್ಟಾಪಿಗೆ (ಔಟರ್ ತುದಿ ಬಂದು ಕೂರುವ ಫ್ರೇಮಿನ ಕೊಂಡಿಗಳು) ಸರಿಯಾಗಿ ಅಳೆದು ಕತ್ತರಿಸಿದ್ದೆ. 8 ಗೇರಿನ ಹಿಂಬದಿಯಲ್ಲಿ ವೈರು ಒಟ್ಟು 20 ಮಿ.ಮೀ. ಆಸುಪಾಸು ಓಡಾಡುತ್ತದೆ, ಕೊಳವೆಯನ್ನೂ ಚೂರು ಚೂರೇ ಮುಂದಕ್ಕೆ ಎಳೆದೊಯ್ದು ಸ್ಟಾಪಿಗೆ ಒತ್ತಿ ಸುಕ್ಕುಗಟ್ಟಿಸಿತು. ಎರಡನೆಯ ಸಲ 10 ಮಿ.ಮೀ. ಗಿಡ್ಡ ಮಾಡಿ, ಹಿಂದಿನ ತುದಿಗೆ ಸೂಪರ್ ಗ್ಲೂ ಹಚ್ಚಿದೆ. ಪಿಟಿಎಫ್‌ಇಗೆ ಅಂಟು ಹಿಡಿಯುವುದೇ ಇಲ್ಲ, ಒಂದೇ ಸವಾರಿಗೆ ಕಳಚಿತು. ಮೂರನೆಯದಕ್ಕೆ ಬಿಸಿಗೆ ಕುಗ್ಗಿ ಹಿಡಿಯುವ ಹೀಟ್ ಶ್ರಿಂಕ್ ನಳಿಕೆ ಹಾಕಿ ಬಿಸಿಗಾಳಿ ಬಿಟ್ಟೆ. ಕೊಳವೆಗೆ ಏನೂ ಆಗಲಿಲ್ಲ, ಅದು ಕರಗಲು 327 ಡಿಗ್ರಿ ಬೇಕು; ಆದರೆ ಪಕ್ಕದ ಔಟರಿನ ಒಳಪದರವಾದ ಪ್ಲಾಸ್ಟಿಕ್ ಲೈನರ್ ಕರಗಿ ವೈರನ್ನು ಕಚ್ಚಿಕೊಂಡಿತು. ಇನ್ನರ್, ಔಟರ್ ಎರಡೂ ಹೋದವು.

ಕೊನೆಗೆ ನಿಂತದ್ದು ಹೀಗೆ. ಹಿಂದಿನ ಔಟರ್ ತುಂಡಿನ ಮುಂತುದಿಗೆ ಹಿತ್ತಾಳೆ ಕ್ಯಾಪ್ ತೆಗೆದುಕೊಂಡು ಅದರ ತೂತನ್ನು 2.1ಕ್ಕೆ ಕೊರೆಯಬೇಕು. ಪ್ಲಾಸ್ಟಿಕ್ ಕ್ಯಾಪ್ ಸೀಳುತ್ತದೆ. ಕೊಳವೆಯ ತುದಿಯನ್ನು ಕಹಳೆಯ ಬಾಯಿಯಂತೆ ಅರಳಿಸಿ ಕ್ಯಾಪಿನ ಒಳಗಿನಿಂದ ತೂರಿಸಿದರೆ, ಔಟರ್ ಬಂದು ಕೂತಾಗ ಆ ಅಂಚು ನಡುವೆ ಸಿಕ್ಕಿ ಬಿಗಿಯಾಗುತ್ತದೆ. ಅಂಟು ಬೇಡ. ಇಷ್ಟು ತೆಳ್ಳನೆಯದನ್ನು ಸೀಳದಂತೆ ಅರಳಿಸುವ ಬಗೆ ಮಾತ್ರ ಸದ್ಯಕ್ಕೆ ನನ್ನಲ್ಲೇ ಇರಲಿ. ಬೆಂಕಿ ತಾಗಿಸಿ ಅಲ್ಲ, ಅತಿಯಾಗಿ ಕಾದ ಪಿಟಿಎಫ್‌ಇ ಹೊಗೆ ವಿಷ. ಔಟರಿನ ತುದಿಯನ್ನು ಅರದಿಂದ ನೇರ ಮಟ್ಟ ಮಾಡಿ, ಮುಚ್ಚಿಹೋದ ಲೈನರ್ ಬಾಯನ್ನು ದಬ್ಬಣದಿಂದ ಬಿಡಿಸದಿದ್ದರೆ ಅಂಚು ಓರೆಯಾಗಿ ಕೂರುತ್ತದೆ.

ಕೊಳವೆಯ ಮುಂದಿನ ತುದಿ ಬಿಡುವಾಗಿಯೇ ಇರಬೇಕು, ಆದರೆ ಬಾಯಿ ಮೇಲಕ್ಕಿರುವುದರಿಂದ ಮಳೆ ಇಳಿಯುತ್ತದೆ. ಅಲ್ಲಿಗೆ ವಿ-ಬ್ರೇಕಿನ ವೈರಿಗೆ ತೊಡಿಸುವ ಸುಕ್ಕು ರಬ್ಬರ್ ಬೂಟನ್ನು ತುಸು ಕತ್ತರಿಸಿ ಹಾಕಿದೆ. ಕೊಳವೆ ಸರಿದಾಡಲು ಜಾಗವೂ ಉಂಟು, ನೀರೂ ಒಳಗಿಲ್ಲ. ಬಾಟಮ್ ಬ್ರಾಕೆಟ್ (ಪೆಡಲಿನ ಅಚ್ಚು ಕೂರುವ ಜಾಗ) ಅಡಿಯಲ್ಲಿ ವೈರು ತಿರುಗಿ ಹೋಗುವ ಗೈಡಿನ ತೋಡು 2 ಮಿ.ಮೀ.ಗಿಂತ ಇಕ್ಕಟ್ಟಾಗಿದ್ದರೆ ಗೈಡ್ ಬದಲಿಸಿ. ಒತ್ತಿ ಕೂರಿಸಿದರೆ ಕೊಳವೆ ಚಪ್ಪಟೆಯಾಗಿ ಚಿಕ್ಕ ಗೇರಿಗೆ ಇಳಿಯುವುದೇ ಇಲ್ಲ. ತಿರುವಿನಲ್ಲಿ ಕೊಳವೆ ಸವೆಯುವುದು ನಿಜ, ಸವೆದ ತುಂಡನ್ನು ಒಂದು ಸಲ ಬದಲಿಸಿದ್ದೇನೆ.

ನಡುವೆ ಬಾಲ್‌ಪೆನ್ ರಿಫಿಲ್ಲಿನ ಖಾಲಿ ನಳಿಕೆಯನ್ನೂ ತೊಳೆದು ಹಾಕಿ ನೋಡಿದ್ದುಂಟು. ಫ್ರೇಮಿನ ಬಣ್ಣ ಉಳಿಸಲು ಸಾಕು, ಆದರೆ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಬಿರಿಯಿತು. ಒಳಗೆ ಗಟ್ಟಿ ಗ್ರೀಸ್ ತುಂಬಿದ್ದು ಅದಕ್ಕಿಂತ ಕೆಟ್ಟ ಪ್ರಯೋಗ: ದೂಳು ಸೇರಿ ಅರೆಯುವ ಹಿಟ್ಟಾಯಿತು. ಈಗ ಕೊಳವೆಯೊಳಗೆ ಏನೂ ಹಾಕುವುದಿಲ್ಲ.

ಖರ್ಚು? ಹಾಳಾದದ್ದು ಸೇರಿ ಮೂರು ಮೀಟರ್ ಕೊಳವೆ ಹಿಡಿಯಿತು. ಅಷ್ಟಾದರೂ ನೀರು ನುಗ್ಗದಂತೆ ಮಾಡಿದ ಸಿದ್ಧ ಸೀಲ್ಡ್ ಕೇಬಲ್ ಸೆಟ್ಟಿನ ಕಾಲುಭಾಗ ಬೆಲೆ ಮೀರಲಿಲ್ಲ.

ಬ್ರೇಕಿನ ಇನ್ನರ್ 1.6 ಇರುವುದರಿಂದ ಈ ಕೊಳವೆಗೆ ಹೋಗದು, ಒಳಗೆ 1.8 ಇರುವುದೇ ಬೇಕು. ಕೊಳವೆ ಸಿಗಲಿಲ್ಲವೆಂದು ಗೇರಿನ 4 ಮಿ.ಮೀ. ಔಟರನ್ನು ಬ್ರೇಕಿಗೆ ಹಾಕಲು ಹೋಗಬೇಡಿ. ಅದರ ಉದ್ದುದ್ದ ತಂತಿಗಳು ಗಟ್ಟಿ ಹಿಡಿತಕ್ಕೆ ಸೀಳಿ ಹೊರಬರುತ್ತವೆ, ಬ್ರೇಕ್ ಇಲ್ಲವಾಗುತ್ತದೆ.